ಲಕೋಟೆಯೊಳಗಿನ ನಡೆ

ನಾನು ನಾರ್ದಿ ಆಡುವವನು. ಎರಡು ದಾಳ, ಮೂವತ್ತು ಬಿಲ್ಲೆ, ಒಂದು ಲೋಟ ಚಹಾ. ಕಾಲು ಗಂಟೆಯೊಳಗೆ ಗೆದ್ದವರಾರು ಸೋತವರಾರು ಎಂಬುದು ಇತ್ಯರ್ಥವಾಗುತ್ತದೆ. ಸೋತರೆ ದಾಳವನ್ನು ಬೈದುಕೊಂಡು ಮನೆಗೆ ಹೋಗಬಹುದು. ಆದರೆ ನಮ್ಮ ಲೆನಿನಾಕಾನ್ ಊರಿನಲ್ಲಿ ಹೀಗೆ ನೆಮ್ಮದಿಯಾಗಿ ಸೋಲುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಕ್ಷೌರದಂಗಡಿಯಲ್ಲಿ ಚದುರಂಗ, ಆಸ್ಪತ್ರೆಯ ಬೆಂಚಿನ ಮೇಲೆ ಚದುರಂಗ, ಸಾವಿನ ಮನೆಗೆ ಹೋದರೆ ಅಲ್ಲೂ ಹಿಂದಿನ ಸಾಲಿನಲ್ಲಿ ಇಬ್ಬರು ಜೇಬಿನಷ್ಟಗಲದ ಪಟ ಬಿಚ್ಚಿಕೊಂಡು ಕೂತಿರುತ್ತಿದ್ದರು. ನಮ್ಮ ಕಟ್ಟಡದಲ್ಲಿ ಚದುರಂಗ ಬಾರದವರು ಇಬ್ಬರೇ: ನಾನು, ಮತ್ತು ನನ್ನ ಎದುರು ಮನೆಯ ಪರ್ಗೆವ್. ವ್ಯತ್ಯಾಸವೆಂದರೆ, ನನಗೆ ಬಾರದು ಎಂಬುದು ನನಗೆ ಗೊತ್ತಿತ್ತು.

ಪರ್ಗೆವ್ ಕಾಲುಚೀಲದ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವವನು. ಬಲು ಒಳ್ಳೆಯವನು. ಯಾರು ಏನು ಕೇಳಿದರೂ ತಲೆಯಾಡಿಸುವ ಸ್ವಭಾವ. ಅವನ ಹೆಂಡತಿ ಕ್ನಾರಿಕ್‌ಳ ತಂದೆ ಮಾತೆವೋಸ್ ರೈಲ್ವೆಯ ಸಿಗ್ನಲ್ ಕೋಣೆಯಲ್ಲಿ ಮೂವತ್ತು ವರ್ಷ ಕೂತವರು. ಎರಡು ರೈಲುಗಳ ನಡುವಿನ ಬಿಡುವಿನಲ್ಲೇ ಚದುರಂಗ ಕಲಿತು, ಎರಡನೇ ದರ್ಜೆಯ ಆಟಗಾರ ಎಂದು ಮುದ್ರೆ ಒತ್ತಿದ ಸರ್ಕಾರಿ ಪುಸ್ತಕ ಸಂಪಾದಿಸಿದ್ದರು. ಅದು ಸದಾ ಅವರ ಕೋಟಿನ ಎಡ ಜೇಬಿನಲ್ಲಿರುತ್ತಿತ್ತು.

ಮೂರು ವರ್ಷದ ಹಿಂದೆ ಒಂದು ಮದುವೆಯ ಊಟದಲ್ಲಿ ಆ ಪುಸ್ತಕ ಮೇಜಿನ ಸುತ್ತ ಕೈಯಿಂದ ಕೈಗೆ ಹೋಗುತ್ತಿತ್ತು. ಪರ್ಗೆವ್ ಹಿಪ್ಪುನೇರಳೆಯ ವೋಡ್ಕಾದ ನಾಲ್ಕನೇ ಲೋಟದಲ್ಲಿದ್ದ.

"ನಂದೂ ಮೂರನೇ ದರ್ಜೆ ಇದೆ ಮಾವ," ಎಂದುಬಿಟ್ಟ.

"ಎಲ್ಲಿ, ಪುಸ್ತಕ ತೋರ್ಸು."

"ಮನೇಲಿದೆ."

"ಸರಿ, ನಾಳೆ ಮನೆಗೇ ಬರ್ತೀನಿ."

ಬಂದರು. ಪುಸ್ತಕ ಕಪಾಟಿನಲ್ಲಿರಲಿಲ್ಲ, ಟ್ರಂಕಿನಲ್ಲಿರಲಿಲ್ಲ, ಉಪ್ಪಿನಕಾಯಿ ಭರಣಿಗಳ ಹಿಂದೆಯೂ ಇರಲಿಲ್ಲ. ಮಾತೆವೋಸ್ ಚಹಾ ಕುಡಿದು ಎದ್ದು ಹೋದರು. ಅಂದಿನಿಂದ ಅವರು ಅಳಿಯನನ್ನು ಹೆಸರು ಹಿಡಿದು ಕರೆಯಲಿಲ್ಲ, 'ಮೂರನೇ ದರ್ಜೆ' ಎಂದೇ ಕರೆದರು. "ಆ ಉಪ್ಪು ಈ ಕಡೆ ಕೊಡು ಮೂರನೇ ದರ್ಜೆ."

ಬೇರೆಯವನಾಗಿದ್ದರೆ ಜಗಳವಾಡುತ್ತಿದ್ದ. ಪರ್ಗೆವ್ ಮಾಡಿದ್ದು ಅಧ್ಯಯನ. ಯಾರ ಕೈಯಿಂದಲೋ ಚದುರಂಗದ ನಾನೂರು ಪುಟದ ಹಳೇ ರಷ್ಯನ್ ಪುಸ್ತಕವೊಂದನ್ನು ತಂದ. ಸಂಜೆ ಆರಕ್ಕೆ ಕಾರ್ಖಾನೆಯಿಂದ ಬಂದವನು ಕ್ನಾರಿಕ್ ಹಿಟ್ಟು ನಾದುವ ಹಲಗೆಯ ಮೇಲೆ ಪಟ ಹಾಸಿ ಒಂಬತ್ತರವರೆಗೆ ಕದಲುತ್ತಿರಲಿಲ್ಲ. ಆಟದ ಕೊನೆಯಲ್ಲಿ ರಾಜನೂ ಆನೆಯೂ ಎರಡು ಕಾಲಾಳುಗಳೂ ಉಳಿದಾಗ ಏನು ಮಾಡಬೇಕು ಎಂಬುದರ ಇನ್ನೂರು ಲೆಕ್ಕಗಳನ್ನು ಬಾಯಿಪಾಠ ಮಾಡಿದ. ಸಿಕ್ಕಿದವರೊಡನೆಲ್ಲ ಆಡಿದ, ಸಿಕ್ಕಿದವರಿಗೆಲ್ಲ ಸೋತ. ಕ್ಷೌರಿಕ ಅನುಶಾವನ್‌ಗೆ ಸೋತ, ಮೂರನೇ ಮಹಡಿಯ ಶಾಲಾ ಹುಡುಗಿಗೆ ಸೋತ, ನಲ್ಲಿ ರಿಪೇರಿಗೆ ಬಂದವನಿಗೂ ಸೋತ. ಆದರೆ ಅವನಿಗೆ ಬೇಸರವಿರಲಿಲ್ಲ.

"ಮೊದಲನೇ ವರ್ಷ ಹನ್ನೆರಡು ನಡೆಗೇ ಸೋಲ್ತಿದ್ದೆ ಸೆರೋಬ್," ಎಂದು ನನ್ನ ಬಳಿ ಹೇಳಿಕೊಂಡ. "ಈಗ ನೋಡು, ಅರವತ್ತು ನಡೆವರೆಗೂ ಎಳೀತೀನಿ."

ಸೋಲು ಉದ್ದವಾಗುವುದನ್ನು ಪ್ರಗತಿ ಎಂದು ಕರೆಯಬಹುದೇ ಎಂಬುದನ್ನು ನಾನು ವಿದ್ವಾಂಸರಿಗೆ ಬಿಡುತ್ತೇನೆ. ಕ್ನಾರಿಕ್ ವಿದ್ವಾಂಸಳಲ್ಲ. ಬಾಲ್ಕನಿಯ ಗಾಜು ಒಡೆದು ಎರಡು ಚಳಿಗಾಲ ಕಳೆದಿದ್ದವು, ಅಲ್ಲಿ ಇನ್ನೂ ರಟ್ಟೇ ಇತ್ತು. ಈ ಸಲ ಸೆಪ್ಟೆಂಬರಿನಲ್ಲಿ ಅವಳು ಅಪ್ಪನನ್ನು ಕರೆಸಿದಳು. ಮಾತೆವೋಸ್ ಮೇಜಿನ ಮೇಲೆ ಲವಾಶ್ ರೊಟ್ಟಿ ಇಟ್ಟು ಅಳಿಯನ ಕೈಯನ್ನು ಅದರ ಮೇಲಿಟ್ಟರು.

"ಹೇಳು. ಅಕ್ಟೋಬರಿನ ಪಂದ್ಯದಲ್ಲಿ ದರ್ಜೆ ಸಿಗದಿದ್ರೆ, ಇನ್ನು ಈ ಜನ್ಮದಲ್ಲಿ ಚದುರಂಗದ ಕಾಯಿ ಮುಟ್ಟಲ್ಲ ಅಂತ."

ನಮ್ಮಲ್ಲಿ ರೊಟ್ಟಿ ಮುಟ್ಟಿ ಹೇಳಿದ ಮಾತಿಗೆ ಮೇಲ್ಮನವಿ ಇಲ್ಲ. ಪರ್ಗೆವ್ ಹೇಳಿದ. ಹೇಳುವಾಗ ಅವನ ಮುಖ ನೋಡಲಾಗದೆ, ಚದುರಂಗವನ್ನು ಕಂಡರಾಗದ ನಾನೂ ಕಿಟಕಿಯ ಕಡೆ ತಿರುಗಿದೆ.

ಅಕ್ಟೋಬರಿನಲ್ಲಿ ಊರಿನ ಕಾರ್ಖಾನೆಗಳ ಪಂದ್ಯ ನಡೆಯಿತು. ದರ್ಜೆಗೆ ಐದು ಅಂಕ ಬೇಕಿತ್ತು. ಎದುರಾಳಿಗಳನ್ನು ಬಾಯಿಪಾಠದ ಲೆಕ್ಕಗಳವರೆಗೆ ಎಳೆದೆಳೆದು ಸುಸ್ತು ಮಾಡಿ, ಕೊನೆಯ ಆಟದ ಹೊತ್ತಿಗೆ ಪರ್ಗೆವ್ ನಾಲ್ಕೂವರೆ ಗಳಿಸಿದ್ದ. ಅಂದರೆ ಗೆಲ್ಲಬೇಕೆಂದೇನಿಲ್ಲ, ಸಮಬಲವಾದರೂ ಸಾಕು. ಎದುರಾಳಿ ಸಾಸೇಜ್ ಕಾರ್ಖಾನೆಯ ತಾಚತ್. ಆನೆಯಂಥ ಆಳು, ಎದುರಿನವನು ಯೋಚಿಸುವಾಗಲೆಲ್ಲ ಜೋರಾಗಿ ಉಸಿರುಬಿಡುವ ಅಭ್ಯಾಸ.

ಶುಕ್ರವಾರ ಮಧ್ಯಾಹ್ನ ಶುರುವಾದ ಆಟ ಐದು ಗಂಟೆ ಕಾಲ ನಡೆದರೂ ಮುಗಿಯಲಿಲ್ಲ. ಆಗ ಪದ್ಧತಿಯೊಂದಿದೆ. ಯಾರ ಸರದಿಯೋ ಅವರು ತಮ್ಮ ಮುಂದಿನ ನಡೆಯನ್ನು ಪಟದ ಮೇಲೆ ಆಡುವಂತಿಲ್ಲ, ಯಾರಿಗೂ ಕಾಣದಂತೆ ಚೀಟಿಯಲ್ಲಿ ಬರೆಯಬೇಕು. ತೀರ್ಪುಗಾರರು ಅದನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಆಟ ಮುಂದುವರಿಯುವ ದಿನ ಒಡೆದು ನೋಡುವುದು. ಅಲ್ಲಿಯವರೆಗೆ ಎರಡೂ ಕಡೆಯವರು ನೆಂಟರಿಷ್ಟರ ಸಮೇತ ಎಷ್ಟು ಬೇಕಾದರೂ ತಲೆ ಕೆಡಿಸಿಕೊಳ್ಳಬಹುದು.

ಸರದಿ ಪರ್ಗೆವ್‌ನದು. ಅವನು ನಲವತ್ತು ನಿಮಿಷ ಯೋಚಿಸಿದ. ಬರೆದ. ತೀರ್ಪುಗಾರ ಕಾಮ್ರೇಡ್ ತೆರ್ತೆರ್ಯಾನ್ ಅಂಟು ನೆಕ್ಕಿ ಲಕೋಟೆ ಮುಚ್ಚಿದರು. ಭಾನುವಾರ ಹನ್ನೆರಡಕ್ಕೆ ಬನ್ನಿ ಎಂದರು.

ಸುದ್ದಿ ಪರ್ಗೆವ್‌ಗಿಂತ ಮೊದಲೇ ನಮ್ಮ ಅಂಗಳ ತಲುಪಿತ್ತು. ಪಂದ್ಯ ನಡೆಯುವ ಸಂಸ್ಕೃತಿ ಭವನದ ಗೋಡೆಯ ದೊಡ್ಡ ಪಟದಿಂದ ಕಾಯಿಗಳ ಸ್ಥಾನವನ್ನು ಬರೆದುಕೊಂಡು ಬಂದ ಅನುಶಾವನ್, ಹಿಪ್ಪುನೇರಳೆ ಮರದ ಕೆಳಗಿನ ಕಲ್ಲಿನ ಮೇಜಿನ ಮೇಲೆ ಅದನ್ನು ಜೋಡಿಸಿಟ್ಟಿದ್ದ. ನನ್ನ ನಾರ್ದಿ ಪೆಟ್ಟಿಗೆಯನ್ನು ನೆಲಕ್ಕಿಳಿಸಲಾಗಿತ್ತು. ಪರ್ಗೆವ್ ಗೇಟಿನೊಳಗೆ ಕಾಲಿಡುತ್ತಿದ್ದಂತೆ ಅನುಶಾವನ್ ಅವನ ತೋಳು ಹಿಡಿದ.

"ಪರ್ಗೆವ್ ಜಾನ್, ನನ್ನ ಬಂಗಾರ, ರಾಜನ್ನ ತಾನೇ ಮುಂದೆ ತಂದಿದ್ದು? ಬೇರೆ ನಡೆ ಇಲ್ಲವೇ ಇಲ್ಲ."

ಪರ್ಗೆವ್ ತಲೆಯಾಡಿಸಿದ.

ಎರಡನೇ ಮಹಡಿಯಲ್ಲಿ ವಾರ್ಸೆನಿಕ್ ಅಜ್ಜಿ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದರು. ಗಂಡನಿಗೆ ಚದುರಂಗ ಕಲಿಸಿ, ಸೋಲಿಸಿ, ಸಮಾಧಿ ಮಾಡಿದ ಗಟ್ಟಿಗಿತ್ತಿ.

"ಏ ಮಗಾ, ಆನೆ ತಾನೇ? ಆನೇನ ಹಿಂದಕ್ಕೆ ತಂದೆ ತಾನೇ?"

ಪರ್ಗೆವ್ ಅವರಿಗೂ ತಲೆಯಾಡಿಸಿ ಮೆಟ್ಟಿಲು ಹತ್ತಿದ.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಹೆಂಗಸರು ಚಳಿಗಾಲದ ದಾಸ್ತಾನಿಗೆ ಒಲೆ ಹೂಡಿ ಬದನೆಕಾಯಿ, ಕೆಂಪು ದೊಣ್ಣೆಮೆಣಸು ಸುಡುತ್ತಿದ್ದರು. ಪರ್ಗೆವ್ ನನ್ನ ಮನೆಗೆ ಬಂದು ಬಾಗಿಲು ಹಾಕಿದ.

"ಸೆರೋಬ್, ಯಾರಿಗೂ ಹೇಳಬೇಡ."

"ಏನಾಯ್ತೋ?"

"ಏನು ಬರೆದೆ ಅಂತ ನೆನಪಿಲ್ಲ."

"ಯಾವುದು?"

"ನಡೆ. ಮೊದಲು ಆನೆ ಅಂದ್ಕೊಂಡೆ. ಆಮೇಲೆ ರಾಜ. ಆಮೇಲೆ ಮತ್ತೆ ಆನೆ. ಆ ತಾಚತ್ ಎದುರಿಗೆ ಬುಸ್ ಬುಸ್ ಅಂತಿದ್ದ. ತೆರ್ತೆರ್ಯಾನ್ ಅಂಟು ನೆಕ್ಕಿದಾಗಲೇ ನಂಗೆ ಎಚ್ಚರ ಆಗಿದ್ದು. ಪೆನ್ನು ಕೈಲಿತ್ತು, ಚೀಟಿ ಇರಲಿಲ್ಲ."

"ನೀನು ನಡೆಗಳನ್ನ ಬರೆದುಕೊಳ್ಳೋ ಕಾಗದ ಇರುತ್ತಲ್ಲ?"

"ಅದನ್ನೂ ಲಕೋಟೆಗೇ ಹಾಕ್ತಾರೆ ಕಣೋ."

ನಾನು ಅವನಿಗೆ ನೀರು ಕೊಟ್ಟೆ. ಮೂರು ವರ್ಷದಲ್ಲಿ ಇನ್ನೂರು ಲೆಕ್ಕ ಬಾಯಿಪಾಠ ಮಾಡಿದವನು ತನ್ನ ಒಂದೇ ಒಂದು ನಡೆಯನ್ನು ಮರೆತಿದ್ದ. ಆಗ ನಾನು ಕೊಟ್ಟ ಸಲಹೆಗೆ ನಾನೇ ಹೊಣೆ, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

"ಬಾಯಿ ಮುಚ್ಕೊಂಡಿರು," ಎಂದೆ. "ಯಾರು ಕೇಳಿದ್ರೂ ಸುಮ್ನೆ ನಗು."

ಅಷ್ಟರಲ್ಲಿ ಕೆಳಗೆ ಗಲಾಟೆ ಎದ್ದಿತ್ತು. ಪರ್ಗೆವ್ ತನಗೆ ರಾಜ ಎಂದು ಒಪ್ಪಿಕೊಂಡಿದ್ದಾನೆ ಎಂದು ಅನುಶಾವನ್, ತನಗೆ ಆನೆ ಎಂದು ವಾರ್ಸೆನಿಕ್ ಅಜ್ಜಿ. ಅವರಿಬ್ಬರ ಹಿಂದೆ ಅಂಗಳ ಎರಡು ಪಾಲಾಗಿತ್ತು. ಆನೆಯ ಪಕ್ಷದವರು ಒಲೆಯ ಹತ್ತಿರ, ರಾಜನ ಪಕ್ಷದವರು ಮರದ ಹತ್ತಿರ. ಪರ್ಗೆವ್ ಕೆಳಗಿಳಿದ. ಎಲ್ಲರೂ ಒಟ್ಟಿಗೆ ಕೇಳಿದರು. ಅವನು ನಕ್ಕ. ಹಲ್ಲುನೋವಿನವನ ನಗೆ ಅದು.

"ಅಯ್ಯಯ್ಯೋ!" ಅನುಶಾವನ್ ಹಣೆ ಹೊಡೆದುಕೊಂಡ. "ಬೇಕಂತಲೇ! ಇಬ್ಬರಿಗೂ ಎರಡು ಥರ ಹೇಳಿದ್ದು ಬೇಕಂತಲೇ! ತಾಚತ್ ಕಡೆಯವರು ಕಿವಿ ಕೊಟ್ಟಿರ್ತಾರೆ, ಅವರ ತಲೆ ಕೆಡಲಿ ಅಂತ!"

"ಎಷ್ಟು ಆಳ ಇದೆ ಈ ಹುಡುಗಂಗೆ," ಎಂದರು ವಾರ್ಸೆನಿಕ್ ಅಜ್ಜಿ. "ನೋಡಿದ್ರೆ ಏನೂ ಗೊತ್ತಾಗಲ್ಲ."

ಆ ಕ್ಷಣದಿಂದ ಪರ್ಗೆವ್ ದೊಡ್ಡ ಮನುಷ್ಯನಾದ. ಅವನು ಎಷ್ಟು ಗೊಂದಲದಲ್ಲಿ ನಿಂತರೆ ಅಷ್ಟು ಗಂಭೀರವಾಗಿ ಕಂಡ. ಕಾರ್ಖಾನೆಯ ಸಂಘದ ಅಧ್ಯಕ್ಷರು ಸ್ವತಃ ಬಂದು, ಕಿವಿಯ ಬಳಿ ಬಾಗಿ, "ನನಗೊಬ್ಬನಿಗೆ ಹೇಳಿ ಕಾಮ್ರೇಡ್," ಎಂದರು. ಪರ್ಗೆವ್ ಆಕಾಶ ನೋಡಿದ. "ಸರಿ, ಸರಿ. ಗುಟ್ಟು ಗುಟ್ಟಾಗೇ ಇರಲಿ," ಎಂದು ಕೈಕುಲುಕಿ ಅವರು ಹೊರಟರು. ಹನ್ನೊಂದರ ಹೊತ್ತಿಗೆ ಯಾರೋ ಅಪರಿಚಿತನೊಬ್ಬ ಕ್ನಾರಿಕ್‌ಗೆ ಎರಡು ಮಾರು ಸಾಸೇಜ್ ತಂದುಕೊಟ್ಟ. ತಾಚತ್‌ನ ಷಡ್ಡಕನಂತೆ.

"ಸುಮ್ನೆ ತಂದೆ ಅಕ್ಕಾ. ಅಂದಹಾಗೆ ಭಾವ ಯಾವ ನಡೆ ಬರೆದಿದ್ದಾರೆ?"

"ನನಗೆ ಹೇಳಿದ್ರೆ ತಾನೇ!" ಎಂದಳು ಕ್ನಾರಿಕ್. "ಮನೆಗೆ ಉಪ್ಪು ತಂದಿದಾನೋ ಇಲ್ವೋ ಅಂತ ಕೇಳಿದ್ರೂ ನಗ್ತಾನೆ."

"ಆನೆ!" ಎಂದು ಒಲೆಯ ಕಡೆಯಿಂದ ಕೂಗು. "ರಾಜ!" ಎಂದು ಮರದ ಕಡೆಯಿಂದ. ಷಡ್ಡಕ ಎರಡೂ ಕಡೆ ನೋಡಿದ. ಇಷ್ಟು ಜನ ಇಷ್ಟು ಜೋರಾಗಿ ಎರಡು ನಡೆ ಕೂಗುತ್ತಿದ್ದಾರೆಂದರೆ ನಿಜವಾದದ್ದು ಮೂರನೆಯದೇ ಇರಬೇಕು ಎಂದು ಅವನಿಗೆ ಹೊಳೆದಿರಬೇಕು, ಬಿಳಿಚಿಕೊಂಡು ಓಡಿದ. ಸಾಸೇಜನ್ನು ಅಂಗಳದ ಎರಡೂ ಪಕ್ಷದವರು ಭೇದವಿಲ್ಲದೆ ತಿಂದರು.

ಮಧ್ಯಾಹ್ನ ಮಾತೆವೋಸ್ ಬಂದರು. ಕೋಟು ತೆಗೆಯದೆ ಕಲ್ಲಿನ ಮೇಜಿಗೆ ಕೂತು, ಕಾಯಿಗಳನ್ನು ಒಂದು ಸುತ್ತು ನೋಡಿದರು.

"ಮೂರನೇ ದರ್ಜೆ, ಬಾ ಇಲ್ಲಿ. ಯಾವ ನಡೆ ಅಂತ ಹೇಳಬೇಡ, ನಂಗೆ ಬೇಕಾಗಿಲ್ಲ. ನಾನೇ ತಾಚತ್ ಅಂದ್ಕೊ. ಎರಡನ್ನೂ ಆಡಿ ತೋರ್ಸು. ಮೊದಲು ಆನೆ."

ಪರ್ಗೆವ್ ಕೂತ. ಆನೆ ಸರಿಸಿದ. ನನಗೆ ಆಟ ತಿಳಿಯದು, ಆದರೆ ಮುಖ ತಿಳಿಯುತ್ತದೆ. ಹತ್ತು ನಡೆಯಾದ ಮೇಲೆ ಮಾತೆವೋಸ್ ಕೋಟು ತೆಗೆದರು. ಇಪ್ಪತ್ತಾದ ಮೇಲೆ ಟೋಪಿ ತೆಗೆದರು. ಇಪ್ಪತ್ತೇಳನೆಯದಕ್ಕೆ ತಮ್ಮ ರಾಜನನ್ನು ತಾವೇ ಮಲಗಿಸಿದರು.

"ಬಿಸಿಲು ಕಣ್ಣಿಗೆ ಹೊಡೀತಿದೆ," ಎಂದರು. "ಈಗ ರಾಜನ್ನ ಆಡು."

ಜಾಗ ಬದಲಾಯಿಸಿ ಕೂತರು. ಪರ್ಗೆವ್ ರಾಜನನ್ನು ಮುಂದೆ ತಂದ. ಬಾಯಿಪಾಠದ ಲೆಕ್ಕಗಳು ಒಂದರ ಹಿಂದೊಂದು ಬರತೊಡಗಿದವು. ಯೋಚಿಸಲೂ ಇಲ್ಲ, ಯಂತ್ರಕ್ಕೆ ಎಣ್ಣೆ ಹಾಕುವವನ ಹಾಗೆ ಇಲ್ಲಿಂದಲ್ಲಿಗೆ, ಅಲ್ಲಿಂದಿಲ್ಲಿಗೆ ಕಾಯಿ ಇಡುತ್ತ ಹೋದ. ಮಾತೆವೋಸ್ ಮತ್ತೆ ಸೋತರು. ಆನೆಯ ಪಕ್ಷವೂ ರಾಜನ ಪಕ್ಷವೂ ಒಟ್ಟಿಗೆ ಚಪ್ಪಾಳೆ ತಟ್ಟಿದವು, ಏಕೆಂದರೆ ಎರಡೂ ಗೆದ್ದಿದ್ದವು. ಮಾತೆವೋಸ್ ಮಾತ್ರ ಪಟವನ್ನೇ ನೋಡುತ್ತ ಕೂತಿದ್ದರು. ಅವರ ಎಡಗೈ ಕೋಟಿನ ಜೇಬು ಹುಡುಕುತ್ತಿತ್ತು, ಕೋಟು ಮರಕ್ಕೆ ನೇತಾಡುತ್ತಿತ್ತು.

ಭಾನುವಾರ ಸಂಸ್ಕೃತಿ ಭವನದಲ್ಲಿ ನಿಲ್ಲಲು ಜಾಗವಿರಲಿಲ್ಲ. ಯಾವ ನಡೆ ಬರೆದಿದ್ದರೂ ಗೆಲುವೇ ಎಂದು ನಮ್ಮವರು ಹಬ್ಬದ ಬಟ್ಟೆ ಹಾಕಿಕೊಂಡು ಬಂದಿದ್ದರು. ತಾಚತ್ ಬಂದ. ಕಣ್ಣು ಕೆಂಪಗಿದ್ದವು. ಇಡೀ ಸಾಸೇಜ್ ಕಾರ್ಖಾನೆ ಮೂರನೆಯ ನಡೆಯನ್ನು ಹುಡುಕುತ್ತ ನಿದ್ದೆಗೆಟ್ಟಿತ್ತಂತೆ. ತೆರ್ತೆರ್ಯಾನ್ ಬೀರುವಿನ ಬೀಗ ತೆಗೆದು ಲಕೋಟೆಯನ್ನು ಎತ್ತಿ ಎಲ್ಲರಿಗೂ ತೋರಿಸಿ, ಕತ್ತರಿ ತೆಗೆದುಕೊಂಡರು.

"ಒಂದ್ನಿಮಿಷ," ಎಂದ ತಾಚತ್. ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ನಾನು ಸಮಬಲ ಮಾಡ್ಕೊಳ್ಳೋಕೆ ಸಿದ್ಧ. ಒಪ್ಕೊಂಡ್ರೆ ಲಕೋಟೆ ಒಡೆಯೋದೂ ಬೇಡ."

ಅರ್ಧ ಅಂಕ. ಐದಾಯಿತು. ದರ್ಜೆ ಸಿಕ್ಕಿತು. ಪ್ರಮಾಣದಿಂದ ಬಿಡುಗಡೆ. ಕ್ನಾರಿಕ್ ಎದೆಯ ಮೇಲೆ ಕೈಯಿಟ್ಟಳು. ಅನುಶಾವನ್ ಆಗಲೇ ನನ್ನನ್ನು ತಬ್ಬಿಕೊಂಡಿದ್ದ. ಪರ್ಗೆವ್ ತಾಚತ್ ಚಾಚಿದ ಕೈಯನ್ನು ನೋಡಿದ, ತೆರ್ತೆರ್ಯಾನರ ಕೈಯ ಲಕೋಟೆಯನ್ನು ನೋಡಿದ.

"ಹಾಗಾದ್ರೆ ಲಕೋಟೆ ಏನಾಗುತ್ತೆ?" ಎಂದು ಕೇಳಿದ.

"ನಿಯಮದ ಪ್ರಕಾರ ನಾಶ ಮಾಡಲಾಗುತ್ತದೆ," ಎಂದರು ತೆರ್ತೆರ್ಯಾನ್.

"ಒಡೆಯದೇನೇ?"

"ಒಡೆಯದೇ."

ಪರ್ಗೆವ್ ಎಂದೂ ಯಾರಿಗೂ ಇಲ್ಲ ಎಂದವನಲ್ಲ. ಹುಟ್ಟಿದ ಮೇಲೆ ಮೊದಲ ಸಲ ಅಂದ.

"ಬೇಡ. ಒಡೆಯಿರಿ."

ಹಿಂದಿನಿಂದ ಕ್ನಾರಿಕ್, "ಅಯ್ಯೋ ಬುದ್ಧಿಗೆಟ್ಟವನೇ!" ಎಂದಳು. ಆದರೆ ಸಭಾಂಗಣಕ್ಕೆಲ್ಲ ರೋಮಾಂಚನವಾಗಿತ್ತು. ಸಮಬಲ ಬೇಡ ಅನ್ನುತ್ತಾನೆ! ಪೂರ್ತಿ ಗೆಲುವೇ ಬೇಕಂತೆ! ತಾಚತ್‌ನ ಕೈ ಗಾಳಿಯಲ್ಲೇ ನಿಂತಿತ್ತು. ಪರ್ಗೆವ್‌ಗೆ ಬೇಕಾದದ್ದು ಗೆಲುವಲ್ಲ ಎಂಬುದು ಆ ಇನ್ನೂರು ಜನರಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಎರಡು ದಿನದಿಂದ ಊಟ ನಿದ್ದೆ ಬಿಟ್ಟ ಆ ಮನುಷ್ಯನಿಗೆ ತಾನು ಏನು ಬರೆದೆ ಎಂದು ತಿಳಿಯಬೇಕಾಗಿತ್ತು.

ತೆರ್ತೆರ್ಯಾನ್ ಕತ್ತರಿಸಿದರು. ಚೀಟಿ ಬಿಡಿಸಿದರು. ಕನ್ನಡಕ ಮೇಲೇರಿಸಿದರು. ಆನೆಯನ್ನೂ ಮುಟ್ಟಲಿಲ್ಲ, ರಾಜನನ್ನೂ ಮುಟ್ಟಲಿಲ್ಲ. ಬದಿಯಲ್ಲಿದ್ದ ಒಂದು ಕಾಲಾಳನ್ನು ಹಿಡಿದು ಒಂದು ಮನೆ ಮುಂದೆ ತಳ್ಳಿದರು.

ಆ ಕಾಲಾಳು ಅಲ್ಲಿ ನಿಂತಿದ್ದದ್ದೇ ಪರ್ಗೆವ್‌ನ ಆನೆಯನ್ನು ಕಾಯಲು. ಅದು ಜಾಗ ಬಿಟ್ಟ ಮೇಲೆ ಆನೆ ಅನಾಥವಾಗಿತ್ತು. ಅದು ಮೂರನೇ ಮಹಡಿಯ ಶಾಲಾ ಹುಡುಗಿಗೂ ಕಂಡಿತು, ಅವಳು ಕಣ್ಣು ಮುಚ್ಚಿಕೊಂಡಳು. ಪರ್ಗೆವ್ ಮಾತ್ರ ದೊಡ್ಡ ಉಸಿರು ಬಿಟ್ಟು, "ಓ, ಇದಾ!" ಎಂದ. ಮುಖದಲ್ಲಿ ಎಂಥ ನೆಮ್ಮದಿ!

ತಾಚತ್ ಆನೆಯನ್ನು ತಕ್ಷಣ ಹೊಡೆಯಲಿಲ್ಲ. ಇದರಲ್ಲಿ ಏನೋ ಮೋಸವಿದೆ ಎಂದು ಐವತ್ತು ನಿಮಿಷ ಯೋಚಿಸಿದ. ಎದ್ದು ಹೋಗಿ ಮುಖ ತೊಳೆದು ಬಂದ. ಕೊನೆಗೆ ಆನೆಯನ್ನು ಎತ್ತಿಕೊಂಡ. ಏನೂ ಆಗಲಿಲ್ಲ. ಹದಿನೈದು ನಡೆಗಳಲ್ಲಿ ಆಟ ಮುಗಿಯಿತು. ಪರ್ಗೆವ್ ನಾಲ್ಕೂವರೆಯಲ್ಲೇ ಉಳಿದ.

ಕಾಯಿಗಳನ್ನು ಡಬ್ಬಿಗೆ ತುಂಬಿ ಎಂದು ತೆರ್ತೆರ್ಯಾನ್ ಹೇಳಿದಾಗ ಪರ್ಗೆವ್ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡಿದ್ದ. "ನಾನು ಮುಟ್ಟೋ ಹಾಗಿಲ್ಲ," ಎಂದ. ಧ್ವನಿ ಮೆತ್ತಗಿತ್ತು. ಅವನ ಪರವಾಗಿ ನಾನು ತುಂಬಿದೆ.

ಎಲ್ಲರೂ ಮನೆಯ ಕಡೆ ನಡೆದೆವು. ಮೂರು ವರ್ಷದ ಸಂಜೆಗಳು, ನಾನೂರು ಪುಟ, ಎಲ್ಲ ಹೋಯಿತಲ್ಲ ಎಂದು ನನಗೆ ಅಳುವೇ ಬರುವಂತಾಗಿತ್ತು. ಅನುಶಾವನ್ ಕೂಡ ಒಂದು ಕೊಂಕು ಆಡಲಿಲ್ಲ, ಅದು ಇನ್ನೂ ಹೆಚ್ಚು ನೋಯಿಸಿತು. ಅಂಗಳದಲ್ಲಿ ಪರ್ಗೆವ್ ಮೆಟ್ಟಿಲ ಕಡೆ ತಿರುಗಿದಾಗ ಹಿಂದಿನಿಂದ ಮಾವನ ದನಿ ಕೇಳಿತು.

"ಪರ್ಗೆವ್!"

ಮೂರು ವರ್ಷದಲ್ಲಿ ಮೊದಲ ಸಲ ಹೆಸರು. ಎಲ್ಲರೂ ತಿರುಗಿದೆವು. ಮಾತೆವೋಸ್ ಕಲ್ಲಿನ ಮೇಜಿನ ಮೇಲೆ ಕಾಯಿಗಳನ್ನು ಜೋಡಿಸುತ್ತಿದ್ದರು.

"ಎಲ್ಲಿಗೆ ಹೊರಟೆ? ಕೂತ್ಕೋ."

"ರೊಟ್ಟಿ ಮುಟ್ಟಿ ಹೇಳಿದ್ದೀನಲ್ಲ ಮಾವ."

"ಏನಂತ ಹೇಳಿದ್ದೆ?"

"ಕಾಯಿ ಮುಟ್ಟಲ್ಲ ಅಂತ."

"ಮುಟ್ಟಬೇಡ! ಮುಟ್ಟು ಅಂದವರ್ಯಾರು? ಬಾಯಿ ಇದೆಯಲ್ಲ, ಬಾಯಲ್ಲಿ ಹೇಳು. ಸೆರೋಬ್ ಸರಿಸ್ತಾನೆ, ಅವನಿಗೇನು ಬೇರೆ ಕೆಲಸ?" ಅವರು ಮೇಜು ಗುದ್ದಿದರು. "ನಿನ್ನೆ ಎರಡು ಸಲ ನನ್ನ ಇಡೀ ಅಂಗಳದ ಎದುರು ಮಲಗಿಸಿದ್ದೀಯ. ಹಾಗೆ ಮಾಡಿ ಆಟ ಬಿಡ್ತೀನಿ ಅಂದ್ರೆ ಆಗುತ್ತಾ? ಪ್ರಮಾಣ ಮಾಡಿದ್ದು ನೀನು, ನಾನಲ್ಲ!"

ಪರ್ಗೆವ್ ಕೂತು ಹೆಂಡತಿಯ ಮುಖ ನೋಡಿದ. ಕ್ನಾರಿಕ್ ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು, ಒಳಗೆ ಹೋಗಿ ಸುಟ್ಟ ದೊಣ್ಣೆಮೆಣಸಿನ ದೊಡ್ಡ ಬೋಗುಣಿ ತಂದು ಗಂಡನ ತೊಡೆಯ ಮೇಲಿಟ್ಟಳು.

"ಬಾಯಿ ತಾನೇ ಆಡೋದು? ಕೈ ಖಾಲಿ ಇದೆ. ಸಿಪ್ಪೆ ಬಿಡಿಸು."

ಅವನು ಬಿಡಿಸಿದ. ಬೆರಳೆಲ್ಲ ಕೆಂಪು ಮಾಡಿಕೊಂಡು, ಪಟದ ಕಡೆ ಅರ್ಧ ಕಣ್ಣಿಟ್ಟು, ಒಂದೊಂದೇ ನಡೆ ಹೇಳಿದ. ನಾನು ಮನೆ ಎಣಿಸಿ ಎಣಿಸಿ ಸರಿಸಿದೆ. ಬೋಗುಣಿ ಖಾಲಿಯಾಗುವ ಮೊದಲೇ ಮಾತೆವೋಸ್ ಮೂರನೆಯ ಸಲ ಸೋತು, ಪಟವನ್ನು ತಿರುಗಿಸಿ ಮತ್ತೆ ಜೋಡಿಸಿದರು. ಆಗ ಪರ್ಗೆವ್‌ನ ಮುಖದಲ್ಲಿ ಬಂದ ನಗು ಹಲ್ಲುನೋವಿನದಲ್ಲ. ಅದನ್ನು ನೋಡುತ್ತ ಮೈಮರೆತ ನಾನು ಕುದುರೆಯ ಬದಲು ಪಕ್ಕದ ಕಾಲಾಳನ್ನು ಮುಂದೆ ತಳ್ಳಿಬಿಟ್ಟೆ.

"ಅದಲ್ಲವೋ ಕತ್ತೆ!" ಎಂದು ಮಾವ ಅಳಿಯ ಒಂದೇ ಉಸಿರಿಗೆ ನನ್ನ ಮೇಲೆ ಕಿರುಚಿದರು. ಅವರಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು.